ಟಿಪ್ಪು ಸುಲ್ತಾನ್: ಬದುಕು ಮತ್ತು ಬಣ್ಣದ ಪದರಗಳು

ಕನ್ನಡನಾಡಿನ ದೊರೆಗಳಲ್ಲಿ ಟಿಪ್ಪು ಸುಲ್ತಾನನಷ್ಟು ಪರಸ್ಪರ ವಿರುದ್ಧವಾಗಿ ಚಿತ್ರಿತರಾದವರು ವಿರಳ. ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ದೇವನಹಳ್ಳಿಯಲ್ಲಿ ಜನಿಸಿದ ಅವನು ತಂದೆ ಹೈದರಾಲಿಯ ದಂಡಿನಲ್ಲಿ ಪಳಗಿದನು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ಇವರಿಬ್ಬರ ಕೈಯಲ್ಲಿ ನುಚ್ಚುನೂರಾಯಿತು. 1782ರಲ್ಲಿ ಹೈದರನು ತೀರಿಕೊಂಡ ಬಳಿಕ ಟಿಪ್ಪು ಅಧಿಕಾರಕ್ಕೆ ಬಂದನು. 1784ರ ಮಂಗಳೂರು ಒಪ್ಪಂದದೊಂದಿಗೆ ಎರಡನೆಯ ಮೈಸೂರು ಯುದ್ಧ ಮುಗಿಯಿತು.

ಅದೇ ವರ್ಷ ಶ್ರೀರಂಗಪಟ್ಟಣದಲ್ಲಿ ದರಿಯಾ ದೌಲತ್ ಅರಮನೆ ಸಿದ್ಧವಾಯಿತು. ಅದರ ಪಶ್ಚಿಮ ಗೋಡೆಯಲ್ಲಿ ಪೊಳ್ಳಿಲೂರಿನ ಕದನವಿದೆ: ಗಾಯಗೊಂಡ ಬೈಲಿ ಪಲ್ಲಕ್ಕಿಯಲ್ಲಿ ಕುಗ್ಗಿ ಕುಳಿತಿದ್ದಾನೆ, ಮೈಸೂರಿನ ಪ್ರಭುಗಳು ಅವಿಚಲರಾಗಿದ್ದಾರೆ. ಪ್ರಭುತ್ವವು ತನ್ನನ್ನು ತಾನು ಕಂಡುಕೊಂಡ ಬಗೆ ಇದು.

1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಕಾರ್ನ್‌ವಾಲಿಸನ ವಶವಾಯಿತು. 1792ರ ಒಪ್ಪಂದದಂತೆ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, ಇಬ್ಬರು ಪುತ್ರರನ್ನು ಒತ್ತೆಯಿಟ್ಟನು. ಆ ಸನ್ನಿವೇಶವನ್ನು ಚಿತ್ರಿಸಿದ ರಾಬರ್ಟ್ ಹೋಮ್ ಕಾರ್ನ್‌ವಾಲಿಸನ ಸೈನ್ಯದ ಜೊತೆಗಿದ್ದವನು. ಅದನ್ನೇ ಚಿತ್ರಿಸಿದ ಮ್ಯಾದರ್ ಬ್ರೌನ್ ಭಾರತಕ್ಕೆ ಬಂದವನೇ ಅಲ್ಲ. 1799ರ ಮೇ 4ರಂದು ಟಿಪ್ಪು ಕೋಟೆಯಲ್ಲಿ ಹೋರಾಡುತ್ತ ಮಡಿದನು. ಅವನ ಶವ ದೊರೆತ ದೃಶ್ಯವನ್ನು ಡೇವಿಡ್ ವಿಲ್ಕಿ ಪೂರ್ಣಗೊಳಿಸಿದ್ದು ನಾಲ್ಕು ದಶಕಗಳ ನಂತರ, 1839ರಲ್ಲಿ.

ದರಿಯಾ ದೌಲತ್ ಗೋಡೆಯೂ ನಿರ್ವಿವಾದ ಸಾಕ್ಷಿಯಲ್ಲ. ಮುತ್ತಿಗೆಗೆ ಮುನ್ನ ವಿರೂಪಗೊಂಡಿದ್ದ ಚಿತ್ರಗಳನ್ನು ಆರ್ಥರ್ ವೆಲ್ಲೆಸ್ಲಿ ಸರಿಪಡಿಸಿದನು. ಮುಂದೆ ಅವುಗಳ ಮೇಲೆ ಸುಣ್ಣ ಬಳಿಯಲಾಯಿತು. ಕೊನೆಗೆ ಡಾಲ್‌ಹೌಸಿಯ ಸೂಚನೆಯಂತೆ, ಮೂಲವನ್ನು ಬಲ್ಲ ದೇಶೀಯ ಕಲಾವಿದನೊಬ್ಬನು ಮತ್ತೆ ಬರೆದನೆಂದು ಗ್ಯಾಸೆಟಿಯರ್ ದಾಖಲಿಸುತ್ತದೆ. ಹೀಗಾಗಿ ಇಂದು ಕಾಣುವ ಮುಖ ಟಿಪ್ಪುವಿನ ಕಾಲದ್ದೇ, ಅವನನ್ನು ಸೋಲಿಸಿದವರ ಕಾಲದ್ದೇ ಎಂಬ ಪ್ರಶ್ನೆ ಏಳುತ್ತದೆ.

ಇಲ್ಲಿ ಶೈಲಿಯ ವಿವೇಚನೆಯೊಂದೇ ಸಾಲದು. ಸಾಸಿವೆಗಿಂತ ಸಣ್ಣ ಚೂರಿನ ಅಡ್ಡಸೀಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪದರಗಳ ಅನುಕ್ರಮ ತಿಳಿಯುತ್ತದೆ. ನಡುವೆ ಸುಣ್ಣ ಉಳಿದಿದ್ದರೆ ಅದೇ ಕಾಲದ ಗೆರೆ. ಅದರ ಕೆಳಗಿನದು ಹಳೆಯದು, ಮೇಲಿನದು ಹೊಸದು. ಕೃತಕ ಅಲ್ಟ್ರಾಮರೀನ್ ನೀಲಿ ತಯಾರಾದದ್ದು 1828ರ ಸುಮಾರಿಗೆ. ಸಮರೂಪದ ಸಣ್ಣ ಕಣಗಳಿಂದ ಗುರುತಾಗುವ ಆ ನೀಲಿ ಸಿಕ್ಕ ಭಾಗ ಟಿಪ್ಪುವಿನ ಕಾಲದ್ದಾಗಲಾರದು. ಅದು ಸಿಗದಿದ್ದ ಮಾತ್ರಕ್ಕೆ ಪ್ರಾಚೀನತೆ ಸಿದ್ಧವಾಗುವುದೂ ಇಲ್ಲ.

ಟಿಪ್ಪುವಿನ ಉಡುಗೆ, ಲಾಂಛನ, ರಾಜಕೀಯ ನಿಲುವುಗಳನ್ನು ಈ ಗೋಡೆಯಿಂದ ಓದುವ ಅಧ್ಯಯನಗಳು ಮೊದಲು ಪದರವನ್ನು ನಿರ್ಧರಿಸಿಕೊಳ್ಳಬೇಕಾಗುತ್ತದೆ. ಗ್ರಂಥಸಂಪಾದನೆಯಲ್ಲಿ ಪ್ರಕ್ಷಿಪ್ತವನ್ನು ಬೇರ್ಪಡಿಸದೆ ಕವಿಯ ಬಗ್ಗೆ ತೀರ್ಮಾನಿಸಲಾಗದು. ಚಿತ್ರದ ವಿಷಯದಲ್ಲೂ ಆ ಶಿಸ್ತು ಅಷ್ಟೇ ಅಗತ್ಯ.