ಮನೆ ಮನೆಗೆ ತೆರಳಿ ತಾರತಮ್ಯವನ್ನು ದಾಖಲಿಸಿದ ಸಮಾಜಶಾಸ್ತ್ರಜ್ಞ: ಡಾ. ಡಬ್ಲ್ಯು.ಇ.ಬಿ. ಡು ಬಾಯ್ಸ್ (1868–1963)

ಜನಾಂಗದ ಆಧಾರದ ಮೇಲೆ ನಡೆಯುವ ತಾರತಮ್ಯವನ್ನು ಅಂಕಿ-ಅಂಶಗಳ ಮೂಲಕ ನಿರೂಪಿಸಿದ ಮೊದಲಿಗರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಡಾ. ವಿಲಿಯಂ ಎಡ್ವರ್ಡ್ ಬರ್ಘಾರ್ಟ್ ಡು ಬಾಯ್ಸ್ ಅವರು ಪ್ರಮುಖರು. ಸತ್ಯಾಂಶಗಳನ್ನು ಕ್ರಮಬದ್ಧವಾಗಿ ಸಂಗ್ರಹಿಸಿ ಜನರ ಮುಂದಿಟ್ಟರೆ ಅನ್ಯಾಯವು ತಾನಾಗಿಯೇ ನಿವಾರಣೆಯಾಗುವುದೆಂದು ಆರಂಭದಲ್ಲಿ ನಂಬಿದ್ದ ಅವರು, ಸತ್ಯಾಂಶಗಳಷ್ಟೇ ಸಾಲದೆಂಬುದನ್ನು ಅನುಭವದಿಂದ ಅರಿತರು. ಆದರೂ ಸತ್ಯಾಂಶಗಳ ಸಂಗ್ರಹವನ್ನು ಅವರು ಎಂದಿಗೂ ಕೈಬಿಡಲಿಲ್ಲ. ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಡು ಬಾಯ್ಸ್ ಅವರು 1868ರ ಫೆಬ್ರವರಿ 23ರಂದು ಮ್ಯಾಸಚೂಸೆಟ್ಸ್ ರಾಜ್ಯದ ಗ್ರೇಟ್ ಬ್ಯಾರಿಂಗ್ಟನ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದರು. ಅಮೆರಿಕದಲ್ಲಿ ಗುಲಾಮಗಿರಿಯು ಸಂವಿಧಾನದ ತಿದ್ದುಪಡಿಯ ಮೂಲಕ ರದ್ದಾಗಿ ಆಗ ಕೇವಲ ಎರಡು ವರ್ಷಗಳಷ್ಟೇ ಕಳೆದಿದ್ದವು. ಬಾಲ್ಯದಲ್ಲಿಯೇ ತಂದೆ ಮನೆಯನ್ನು ತೊರೆದ ಕಾರಣ ತಾಯಿಯ ಆಸರೆಯಲ್ಲಿ ಬೆಳೆದರು. ಪ್ರೌಢಶಾಲೆಯ ನಂತರ ಊರಿನ ಚರ್ಚುಗಳು ಸಂಗ್ರಹಿಸಿ ಕೊಟ್ಟ ಹಣದ ನೆರವಿನಿಂದ 1885ರಲ್ಲಿ ಟೆನೆಸ್ಸೀ ರಾಜ್ಯದ ಫಿಸ್ಕ್ ವಿಶ್ವವಿದ್ಯಾಲಯವನ್ನು ಸೇರಿದರು. ಬೇಸಿಗೆ ರಜೆಗಳಲ್ಲಿ ಅಲ್ಲಿನ ಹಳ್ಳಿಗಾಡಿನ ಶಾಲೆಯೊಂದರಲ್ಲಿ ಪಾಠ ಹೇಳಿದ ಅವರಿಗೆ ದಕ್ಷಿಣದ ರಾಜ್ಯಗಳಲ್ಲಿನ ಕಪ್ಪು ಜನರ ಬಡತನದ ನೇರ ಪರಿಚಯವಾಯಿತು.

1888ರಲ್ಲಿ ಪದವಿ ಪಡೆದು ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ತೆರಳಿದಾಗ, ಫಿಸ್ಕ್‌ನ ಪದವಿಯನ್ನು ಪೂರ್ಣವಾಗಿ ಮಾನ್ಯ ಮಾಡದೆ ಅವರನ್ನು ಪದವಿ ತರಗತಿಯ ಮೂರನೆಯ ವರ್ಷಕ್ಕೆ ಸೇರಿಸಿಕೊಳ್ಳಲಾಯಿತು. ಅವರು 1890ರಲ್ಲಿ ಮತ್ತೊಮ್ಮೆ ಪದವಿ ಪಡೆದರು.

ಅದೇ ವರ್ಷ, ಕಪ್ಪು ಜನರ ಶಿಕ್ಷಣಕ್ಕಾಗಿ ಸ್ಥಾಪಿತವಾಗಿದ್ದ ಸ್ಲೇಟರ್ ನಿಧಿಯ ಮುಖ್ಯಸ್ಥರೂ ಮಾಜಿ ರಾಷ್ಟ್ರಾಧ್ಯಕ್ಷರೂ ಆಗಿದ್ದ ರುದರ್‌ಫೋರ್ಡ್ ಹೇಯ್ಸ್ ಅವರು, ಯುರೋಪಿನಲ್ಲಿ ಉನ್ನತ ವ್ಯಾಸಂಗಕ್ಕೆ ಕಳುಹಿಸಲು ಅರ್ಹರಾದ ಕಪ್ಪು ವಿದ್ಯಾರ್ಥಿಗಳೇ ದೊರೆಯುತ್ತಿಲ್ಲವೆಂದು ಹೇಳಿದ್ದು ವರದಿಯಾಯಿತು. ಡು ಬಾಯ್ಸ್ ಅವರು ಕೂಡಲೇ ಅರ್ಜಿ ಸಲ್ಲಿಸಿದರು. ಅಂತಹ ಯೋಜನೆಯೇ ಈಗ ಇಲ್ಲವೆಂಬ ಉತ್ತರ ಬಂದಾಗಲೂ ಎದೆಗುಂದದೆ, ತಮ್ಮ ಅರ್ಹತೆಯ ವಿವರಗಳೊಂದಿಗೆ ಪತ್ರ ವ್ಯವಹಾರವನ್ನು ಮುಂದುವರಿಸಿದರು. ಅಂತಿಮವಾಗಿ 1892ರಲ್ಲಿ ಅರ್ಧ ಸಹಾಯಧನ ಮತ್ತು ಅರ್ಧ ಸಾಲದ ರೂಪದಲ್ಲಿ ನೆರವು ಮಂಜೂರಾಯಿತು. ಎರಡು ವರ್ಷ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿದರಾದರೂ, ನೆರವನ್ನು ಮುಂದುವರಿಸಲು ನಿಧಿಯು ಒಪ್ಪದ ಕಾರಣ ಅಲ್ಲಿ ಡಾಕ್ಟರೇಟ್ ಪಡೆಯಲಾಗಲಿಲ್ಲ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ ಅವರು, ಆ ಪದವಿಯನ್ನು ಅಲ್ಲಿಂದ ಪಡೆದ ಮೊದಲ ಕಪ್ಪು ವ್ಯಕ್ತಿ ಎನಿಸಿದರು.

ಫಿಲಡೆಲ್ಫಿಯಾ ಸಮೀಕ್ಷೆ

1896ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯವು ಫಿಲಡೆಲ್ಫಿಯಾ ನಗರದ ಕಪ್ಪು ಜನರ ಸ್ಥಿತಿಗತಿಗಳ ಅಧ್ಯಯನಕ್ಕಾಗಿ ಅವರನ್ನು ನೇಮಿಸಿತು. ನೀಡಲಾದ ಹುದ್ದೆ ಸಹಾಯಕ ಬೋಧಕನದು. ತರಗತಿ ತೆಗೆದುಕೊಳ್ಳುವ ಅವಕಾಶವಾಗಲಿ, ವಿಶ್ವವಿದ್ಯಾಲಯದ ಸಿಬ್ಬಂದಿ ಪಟ್ಟಿಯಲ್ಲಿ ಹೆಸರಾಗಲಿ ಇರಲಿಲ್ಲ. ನಗರದ ಕೇಡುಗಳಿಗೆ ಕಪ್ಪು ಜನರೇ ಕಾರಣವೆಂಬ ಅಭಿಪ್ರಾಯವು ಆಗ ವ್ಯಾಪಕವಾಗಿತ್ತು.

ಡು ಬಾಯ್ಸ್ ಅವರು ಪತ್ನಿ ನೀನಾ ಅವರೊಂದಿಗೆ ನಗರದ 7ನೇ ವಾರ್ಡಿನಲ್ಲಿಯೇ ವಾಸ್ತವ್ಯ ಹೂಡಿದರು. ಕುಟುಂಬ, ವ್ಯಕ್ತಿ, ಮನೆ, ಬೀದಿ ಮತ್ತು ಸಂಘ-ಸಂಸ್ಥೆಗಳಿಗೆ ಪ್ರತ್ಯೇಕ ಪ್ರಶ್ನಾವಳಿಗಳನ್ನು ಸಿದ್ಧಪಡಿಸಿಕೊಂಡು ಸ್ವತಃ ಮನೆ ಮನೆಗೆ ತೆರಳಿದರು. ವಾರ್ಡಿನ 9,000ಕ್ಕೂ ಹೆಚ್ಚು ಕಪ್ಪು ನಿವಾಸಿಗಳ ವಯಸ್ಸು, ಹುಟ್ಟಿದ ಊರು, ವಿದ್ಯೆ, ಉದ್ಯೋಗ, ಆದಾಯ, ಬಾಡಿಗೆ ಮತ್ತು ಆರೋಗ್ಯದ ವಿವರಗಳನ್ನು ದಾಖಲಿಸಿ, ಕುಟುಂಬಗಳ ಆರ್ಥಿಕ ಸ್ಥಿತಿಯನ್ನು ಬಣ್ಣಗಳ ಮೂಲಕ ಸೂಚಿಸುವ ಬೀದಿವಾರು ನಕ್ಷೆಯನ್ನು ತಯಾರಿಸಿದರು.

1899ರಲ್ಲಿ ಪ್ರಕಟವಾದ ಈ ಅಧ್ಯಯನವು ಪ್ರಚಲಿತ ಅಭಿಪ್ರಾಯವನ್ನು ಅಲ್ಲಗಳೆಯಿತು. ಕಸುಬು ಬಲ್ಲ ಕಪ್ಪು ಕೆಲಸಗಾರರಿಗೂ ಕಾರ್ಖಾನೆಗಳಲ್ಲಿ ಉದ್ಯೋಗ ದೊರೆಯುತ್ತಿರಲಿಲ್ಲ. ಕಾರ್ಮಿಕ ಸಂಘಗಳು ಅವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಕಳಪೆ ಮನೆಗಳಿಗೂ ಅವರು ಹೆಚ್ಚು ಬಾಡಿಗೆ ತೆರಬೇಕಾಗಿತ್ತು. ಬಡತನ, ರೋಗ ಹಾಗೂ ಅಪರಾಧಗಳಿಗೆ ಜನರ ಹುಟ್ಟು ಕಾರಣವಲ್ಲ, ಗುಲಾಮಗಿರಿಯ ಇತಿಹಾಸ ಮತ್ತು ಬದುಕಿನ ಪರಿಸ್ಥಿತಿಗಳೇ ಕಾರಣ ಎಂಬುದು ಅಧ್ಯಯನದ ಸಾರವಾಗಿತ್ತು.

ಅಟ್ಲಾಂಟಾ ವರ್ಷಗಳು

1897ರಿಂದ 1910ರವರೆಗೆ ಜಾರ್ಜಿಯಾ ರಾಜ್ಯದ ಅಟ್ಲಾಂಟಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ ಸೇವೆ ಸಲ್ಲಿಸಿದರು. ಪ್ರತಿ ವರ್ಷ ಒಂದೊಂದು ವಿಷಯವನ್ನು ಆಯ್ದು, ಕುಶಲಕರ್ಮಿಗಳು, ಚರ್ಚು, ಅಪರಾಧ, ಕುಟುಂಬ ಮುಂತಾದವುಗಳ ಬಗ್ಗೆ ಅಲ್ಪ ಹಣದಲ್ಲಿ ಅಧ್ಯಯನ ವರದಿಗಳನ್ನು ಹೊರತಂದರು. 1900ರ ಪ್ಯಾರಿಸ್ ವಸ್ತು ಪ್ರದರ್ಶನಕ್ಕಾಗಿ ವಿದ್ಯಾರ್ಥಿಗಳೊಂದಿಗೆ ಕೈಯಲ್ಲಿ ಬರೆದು ಸಿದ್ಧಪಡಿಸಿದ ವರ್ಣರಂಜಿತ ಅಂಕಿ-ಅಂಶ ಪಟಗಳು ಮತ್ತು ಛಾಯಾಚಿತ್ರ ಸಂಪುಟಗಳಿಗಾಗಿ ಅವರಿಗೆ ಚಿನ್ನದ ಪದಕ ಲಭಿಸಿತು.

ಆದರೆ 1899ರ ಏಪ್ರಿಲ್ ತಿಂಗಳಲ್ಲಿ ನಡೆದ ಘಟನೆಯೊಂದು ಅವರ ನಂಬಿಕೆಯನ್ನು ಅಲುಗಾಡಿಸಿತ್ತು. ಸ್ಯಾಮ್ ಹೋಸ್ ಎಂಬ ಕಪ್ಪು ಕೂಲಿಕಾರನನ್ನು ಅಟ್ಲಾಂಟಾ ಸಮೀಪದಲ್ಲಿ ಬಿಳಿಯರ ಗುಂಪೊಂದು ಚಿತ್ರಹಿಂಸೆ ನೀಡಿ ಸುಟ್ಟು ಕೊಂದಿತು. ಈ ಪ್ರಕರಣದ ಬಗ್ಗೆ ಸಂಯಮದ ಲೇಖನವೊಂದನ್ನು ಪತ್ರಿಕಾ ಕಚೇರಿಗೆ ತಲುಪಿಸಲು ಹೊರಟಿದ್ದ ಡು ಬಾಯ್ಸ್ ಅವರಿಗೆ, ಹತನಾದವನ ಬೆರಳ ಗೆಣ್ಣುಗಳನ್ನು ಅದೇ ರಸ್ತೆಯ ಅಂಗಡಿಯೊಂದರಲ್ಲಿ ಪ್ರದರ್ಶನಕ್ಕಿಡಲಾಗಿದೆಯೆಂದು ದಾರಿಯಲ್ಲಿ ತಿಳಿಯಿತು. ಅವರು ಅಲ್ಲಿಂದಲೇ ಹಿಂದಿರುಗಿದರು. ಮರು ತಿಂಗಳು ಅವರ ಎಳೆಯ ಮಗ ಗಂಟಲಮಾರಿ ರೋಗದಿಂದ ಮೃತಪಟ್ಟನು. ಜನರನ್ನು ಸುಟ್ಟು ಕೊಲ್ಲುತ್ತಿರುವಾಗ ಕೇವಲ ನಿರ್ಲಿಪ್ತ ವಿಜ್ಞಾನಿಯಾಗಿ ಉಳಿಯುವುದು ಸಾಧ್ಯವಿಲ್ಲವೆಂಬ ತೀರ್ಮಾನಕ್ಕೆ ಅವರು ಬಂದರು.

1906ರಲ್ಲಿ ಮತ್ತೊಂದು ಪೆಟ್ಟು ಬಿದ್ದಿತು. ಅಮೆರಿಕ ಸರ್ಕಾರದ ಕಾರ್ಮಿಕ ಇಲಾಖೆಗಾಗಿ ಅಲಬಾಮಾ ರಾಜ್ಯದ ಲೌಂಡ್ಸ್ ಕೌಂಟಿಯಲ್ಲಿ ಸಾವಿರಾರು ಕಪ್ಪು ರೈತ ಕುಟುಂಬಗಳ ಭೂಮಿ, ಸಾಲ ಮತ್ತು ದುಡಿಮೆಯ ವಿವರಗಳನ್ನು ಅವರು ಸಂಗ್ರಹಿಸಿಕೊಟ್ಟರು. ವರದಿಯು ಪ್ರಕಟವಾಗಲಿಲ್ಲ. ಅದನ್ನು ಮರಳಿ ಕೇಳಿದಾಗ ನಾಶಪಡಿಸಲಾಗಿದೆಯೆಂಬ ಉತ್ತರ ಬಂದಿತು. ಅಷ್ಟು ಕುಟುಂಬಗಳು ನೀಡಿದ ಮಾಹಿತಿಯು ಯಾರಿಗೂ ಉಪಯೋಗವಾಗದೆ ಹೋಯಿತು.

ಸಾರ್ವಜನಿಕ ಜೀವನ

1903ರಲ್ಲಿ ಪ್ರಕಟವಾದ ಪ್ರಬಂಧ ಸಂಕಲನದಲ್ಲಿ ಅವರು, ಅಂದಿನ ಪ್ರಬಲ ಕಪ್ಪು ನಾಯಕ ಬೂಕರ್ ಟಿ. ವಾಷಿಂಗ್ಟನ್ ಅವರ ನಿಲುವನ್ನು ಬಹಿರಂಗವಾಗಿ ವಿರೋಧಿಸಿದರು. ಕೈಕಸುಬಿನ ಶಿಕ್ಷಣಕ್ಕಾಗಿ ಮತದಾನದ ಹಕ್ಕು ಮತ್ತು ಉನ್ನತ ಶಿಕ್ಷಣದ ಬೇಡಿಕೆಯನ್ನು ಬದಿಗಿಡುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. 1909ರಲ್ಲಿ ಸ್ಥಾಪಿತವಾದ ಕಪ್ಪು ಜನರ ಪ್ರಗತಿಯ ರಾಷ್ಟ್ರೀಯ ಸಂಘದ ಸ್ಥಾಪಕರಲ್ಲಿ ಅವರೂ ಒಬ್ಬರು. 1910ರಿಂದ 1934ರವರೆಗೆ ಸಂಘದ 'ದಿ ಕ್ರೈಸಿಸ್' ಪತ್ರಿಕೆಯ ಸಂಪಾದಕರಾಗಿದ್ದರು. 1,000 ಪ್ರತಿಗಳಿಂದ ಆರಂಭವಾದ ಪತ್ರಿಕೆಯ ಪ್ರಸಾರವು ಹತ್ತು ವರ್ಷಗಳೊಳಗೆ ಒಂದು ಲಕ್ಷ ಮುಟ್ಟಿತು. ಗುಂಪು ಹತ್ಯೆಗಳ ಅಂಕಿ-ಅಂಶಗಳನ್ನು ಅದರಲ್ಲಿ ನಿಯತವಾಗಿ ಪ್ರಕಟಿಸಲಾಗುತ್ತಿತ್ತು.

1934ರಲ್ಲಿ ಅಟ್ಲಾಂಟಾಕ್ಕೆ ಮರಳಿ ಸಮಾಜಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಗುಲಾಮಗಿರಿಯ ನಂತರದ ಪುನರ್ನಿರ್ಮಾಣ ಕಾಲದಲ್ಲಿ ಕಪ್ಪು ಜನರು ವಹಿಸಿದ ಪಾತ್ರವನ್ನು ಕುರಿತ ಅವರ ಬೃಹತ್ ಇತಿಹಾಸ ಗ್ರಂಥವು 1935ರಲ್ಲಿ ಪ್ರಕಟವಾಯಿತು.

ಡಾ. ಅಂಬೇಡ್ಕರ್ ಅವರೊಂದಿಗೆ ಪತ್ರ ವ್ಯವಹಾರ

1946ರಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರು ಡು ಬಾಯ್ಸ್ ಅವರಿಗೆ ಪತ್ರ ಬರೆದರು. ಅಮೆರಿಕದ ಕಪ್ಪು ಜನರು ವಿಶ್ವಸಂಸ್ಥೆಗೆ ಸಲ್ಲಿಸಿದ್ದ ಮನವಿಯ ಪ್ರತಿಗಳನ್ನು ಕೋರಿ, ಭಾರತದ ಅಸ್ಪೃಶ್ಯರೂ ಅದೇ ಮಾರ್ಗವನ್ನು ಅನುಸರಿಸುವ ಆಲೋಚನೆಯಲ್ಲಿರುವುದನ್ನು ತಿಳಿಸಿದ್ದರು. ಡು ಬಾಯ್ಸ್ ಅವರು 1946ರ ಜುಲೈ 31ರಂದು ಉತ್ತರ ಬರೆದು, ಅಸ್ಪೃಶ್ಯರ ಹೋರಾಟದ ಬಗ್ಗೆ ತಮ್ಮ ಸಹಾನುಭೂತಿಯನ್ನು ವ್ಯಕ್ತಪಡಿಸಿದರು. ಅವರ ನೇತೃತ್ವದಲ್ಲಿ ಸಿದ್ಧವಾದ ಮತ್ತೊಂದು ವಿವರವಾದ ಮನವಿಯನ್ನು 1947ರಲ್ಲಿ ವಿಶ್ವಸಂಸ್ಥೆಗೆ ಸಲ್ಲಿಸಲಾಯಿತು.

ಕೊನೆಯ ವರ್ಷಗಳು

ಶಾಂತಿ ಚಳವಳಿಯಲ್ಲಿ ತೊಡಗಿದ್ದ ಅವರ ಮೇಲೆ 1951ರಲ್ಲಿ, ವಿದೇಶಿ ಶಕ್ತಿಯ ಪ್ರತಿನಿಧಿಯಾಗಿ ನೋಂದಾಯಿಸಿಕೊಂಡಿಲ್ಲವೆಂಬ ಮೊಕದ್ದಮೆ ಹೂಡಲಾಯಿತು. 82ನೆಯ ವಯಸ್ಸಿನಲ್ಲಿ ಕೈಕೋಳ ತೊಡಿಸಿಕೊಂಡ ಅವರನ್ನು ಅದೇ ವರ್ಷ ನ್ಯಾಯಾಲಯವು ದೋಷಮುಕ್ತಗೊಳಿಸಿತು. ಆದರೂ 1958ರವರೆಗೆ ಪಾಸ್‌ಪೋರ್ಟ್ ದೊರೆಯಲಿಲ್ಲ. ಸೋವಿಯತ್ ಆಡಳಿತವನ್ನು ಅವರು ಸಮರ್ಥಿಸಿದ್ದು ಟೀಕೆಗೆ ಒಳಗಾಗಿದೆ. 1961ರಲ್ಲಿ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ ಅವರ ಆಹ್ವಾನದ ಮೇರೆಗೆ ಆಫ್ರಿಕಾ ವಿಶ್ವಕೋಶದ ಕಾರ್ಯಕ್ಕಾಗಿ ಘಾನಾ ದೇಶಕ್ಕೆ ತೆರಳಿದರು. 1963ರ ಆಗಸ್ಟ್ 27ರಂದು ರಾಜಧಾನಿ ಅಕ್ರಾದಲ್ಲಿ ತಮ್ಮ 95ನೆಯ ವಯಸ್ಸಿನಲ್ಲಿ ನಿಧನರಾದರು. ಮರುದಿನ ವಾಷಿಂಗ್ಟನ್ ನಗರದಲ್ಲಿ ನಾಗರಿಕ ಹಕ್ಕುಗಳಿಗಾಗಿ ಸೇರಿದ್ದ ಬೃಹತ್ ಸಭೆಯಲ್ಲಿ ಈ ಸುದ್ದಿಯನ್ನು ಪ್ರಕಟಿಸಲಾಯಿತು.

ಅಂದು ತನ್ನ ಪಟ್ಟಿಯಲ್ಲಿ ಹೆಸರನ್ನೂ ಸೇರಿಸದಿದ್ದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯವು 2012ರಲ್ಲಿ ಅವರಿಗೆ ಮರಣೋತ್ತರವಾಗಿ ಗೌರವ ಪ್ರಾಧ್ಯಾಪಕ ಸ್ಥಾನವನ್ನು ನೀಡಿತು. ಒಂದು ಕುಟುಂಬದ ಆದಾಯ, ಬಾಡಿಗೆ, ಉದ್ಯೋಗ ಮತ್ತು ವಿದ್ಯೆಯ ವಿವರಗಳು ನಮೂನೆಯಲ್ಲಿ ತುಂಬಿದ ಕೆಲವು ಸಾಲುಗಳಷ್ಟೇ ಆಗಿ ಕಾಣಬಹುದು. ಅವನ್ನು ಸರಿಯಾಗಿ ಬರೆದು, ಕಾಪಾಡಿ, ಓದಿದಾಗ ಅನ್ಯಾಯವು ಎಲ್ಲಿದೆಯೆಂಬುದು ತಿಳಿದುಬರುತ್ತದೆ. ತಿಳಿದ ಮೇಲೆ ಕ್ರಮ ಕೈಗೊಳ್ಳುವುದೂ ಅಷ್ಟೇ ಅಗತ್ಯವೆಂಬುದನ್ನು ಡು ಬಾಯ್ಸ್ ಅವರ ಜೀವನವು ತೋರಿಸಿಕೊಡುತ್ತದೆ.