ಫ್ರಾನ್ಸಿಸ್ ಟ್ರಾಲಪ್ ಮತ್ತು ಅಮೆರಿಕದ ಅಪಹಾಸ್ಯ

ಅಮೆರಿಕನ್ನರನ್ನು ಗೇಲಿಮಾಡಿ ಹೆಸರು ಗಳಿಸಿದ ಇಂಗ್ಲಿಷ್ ಪ್ರವಾಸ ಲೇಖಕರಲ್ಲಿ ಫ್ರಾನ್ಸಿಸ್ ಟ್ರಾಲಪ್ (1779–1863) ಪ್ರಮುಖಳು. ಇಂದು ಆಕೆಯನ್ನು ಕಾದಂಬರಿಕಾರ ಆಂಟನಿ ಟ್ರಾಲಪ್‌ನ ತಾಯಿಯೆಂದೇ ಗುರುತಿಸುವುದು ರೂಢಿ. ಆದರೆ ಮಗ ಬರೆಯತೊಡಗುವ ಮೊದಲೇ ಆಕೆಯ ಹೆಸರು ಅಟ್ಲಾಂಟಿಕ್ ಸಾಗರದ ಎರಡೂ ದಡಗಳಲ್ಲಿ ಮನೆಮಾತಾಗಿತ್ತು.

ಪಾದ್ರಿಯೊಬ್ಬನ ಮಗಳಾದ ಫ್ರಾನ್ಸಿಸ್ 1809ರಲ್ಲಿ ಲಂಡನ್ನಿನ ವಕೀಲ ಥಾಮಸ್ ಆಂಟನಿ ಟ್ರಾಲಪ್‌ನನ್ನು ವರಿಸಿದಳು. ವಕಾಲತ್ತು ಕೈಹಿಡಿಯಲಿಲ್ಲ, ಹ್ಯಾರೋದಲ್ಲಿ ಮಾಡಿದ ಬೇಸಾಯ ಸಾಲವನ್ನು ಹೆಚ್ಚಿಸಿತು. 1827ರಲ್ಲಿ ಆಕೆ ಮೂವರು ಮಕ್ಕಳೊಡನೆ ಅಮೆರಿಕಕ್ಕೆ ಹೊರಟಳು. ಗುಲಾಮರ ವಿಮೋಚನೆಗಾಗಿ ಗೆಳತಿ ಫ್ರಾನ್ಸಿಸ್ ರೈಟ್ ಟೆನೆಸಿಯ ನಶೋಬಾದಲ್ಲಿ ಕಟ್ಟಿದ್ದ ವಸಾಹತು ಆಕೆಯ ಗುರಿ. ಅಲ್ಲಿ ಕಂಡದ್ದು ಕಾಡು, ಜ್ವರ, ಸೋರುವ ಗುಡಿಸಲು. ಕೆಲವೇ ದಿನಗಳಲ್ಲಿ ಸಿನ್ಸಿನಾಟಿ ನಗರ ಸೇರಿದಳು. ಅಲ್ಲಿ ಅಪಾರ ಹಣ ಸುರಿದು ಕಟ್ಟಿಸಿದ ವಿಲಕ್ಷಣ ಮಾರಾಟ ಮಳಿಗೆಯೂ ನೆಲಕಚ್ಚಿತು. ಊರವರ ನಗೆಗೆ ಆಕೆಯೇ ಮೊದಲು ಗುರಿಯಾದಳೆಂಬುದನ್ನು ವಿಮರ್ಶಕರು ಸಾಮಾನ್ಯವಾಗಿ ಮರೆಯುತ್ತಾರೆ.

1831ರಲ್ಲಿ ಬರಿಗೈಯಲ್ಲಿ ಇಂಗ್ಲೆಂಡಿಗೆ ಮರಳಿದ ಆಕೆ ಮರುವರ್ಷ ಅಮೆರಿಕನ್ನರ ಗೃಹಜೀವನ ಹಾಗೂ ನಡೆನುಡಿಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದಳು. ಆಗ ಆಕೆಗೆ ಐವತ್ತು ದಾಟಿತ್ತು. ಹೊಗೆಸೊಪ್ಪು ಜಗಿದು ಎಲ್ಲೆಂದರಲ್ಲಿ ಉಗುಳುವ ಗಂಡಸರು, ಹಡಗಿನ ಊಟದ ಮೇಜಿನಲ್ಲಿ ಮಾತಿಲ್ಲದೆ ಗಬಗಬನೆ ತಿಂದೇಳುವ ಪ್ರಯಾಣಿಕರು, ಬೀದಿಯ ಕಸವನ್ನು ತಿಂದು ಬದುಕುವ ಹಂದಿಗಳು, ಧಾರ್ಮಿಕ ಶಿಬಿರಗಳ ಉನ್ಮಾದ, ಇವೆಲ್ಲ ಅಲ್ಲಿ ಹಾಸ್ಯದ ಸರಕಾದವು. ಇದರಲ್ಲಿ ಮೇಲ್ವರ್ಗದ ಆಂಗ್ಲ ಗೃಹಿಣಿಯ ಠೀವಿ ಇಲ್ಲದಿಲ್ಲ. ಮನೆಗೆಲಸದವಳು ಸರಿಸಮಾನಳಂತೆ ವರ್ತಿಸಿದ್ದು ಆಕೆಗೆ ಸಹಿಸಲಾಗದ ಸಂಗತಿಯಾಗಿತ್ತು. ಆದರೆ ಸ್ವಾತಂತ್ರ್ಯದ ಘೋಷಣೆ ಮಾಡುತ್ತಲೇ ಗುಲಾಮರನ್ನು ಇಟ್ಟುಕೊಂಡು ಮೂಲನಿವಾಸಿಗಳನ್ನು ನೆಲದಿಂದ ಹೊರದೂಡುತ್ತಿದ್ದ ಇಬ್ಬಂದಿತನವನ್ನು ಚುಚ್ಚುವಾಗ ಅದೇ ನಗೆ ನೈತಿಕ ಕ್ರೋಧವಾಗುತ್ತದೆ. ಗ್ರಂಥದ ಶಕ್ತಿ ಇರುವುದು ಇಲ್ಲಿ.

ಪ್ರಕಟಣೆಯ ಕಾಲವೂ ಗಮನಾರ್ಹ. 1832ರಲ್ಲಿ ಬ್ರಿಟನ್ ಮತದಾನ ಸುಧಾರಣೆಯ ವಿವಾದದಲ್ಲಿ ಮುಳುಗಿತ್ತು. ಪ್ರಜಾಪ್ರಭುತ್ವದ ಫಲ ಇಂತಹುದೆಂದು ತೋರಿಸಲು ಟೋರಿಗಳಿಗೆ ಈ ಗ್ರಂಥ ಒದಗಿಬಂದಿತು. ಅಮೆರಿಕನ್ನರಾದರೋ ಆಕೆಯನ್ನು ವ್ಯಂಗ್ಯಚಿತ್ರಗಳಲ್ಲಿ ಹೀಯಾಳಿಸಿದರು. ಇಂಗ್ಲಿಷಿನಲ್ಲಿ ಆಕೆಯ ಮನೆತನದ ಹೆಸರು ನಡತೆಗೆಟ್ಟ ಹೆಂಗಸೆಂಬ ಅರ್ಥದ ಪದಕ್ಕೆ ಸಮೀಪವಾಗಿದ್ದುದು ಗೇಲಿಗೆ ಅನುಕೂಲವಾಯಿತು. ಆದರೂ ನಾಟಕಶಾಲೆಯಲ್ಲಿ ಯಾರಾದರೂ ಮುಂದಿನ ಕಟಾಂಜನದ ಮೇಲೆ ಕಾಲು ಚಾಚಿದರೆ ಪ್ರೇಕ್ಷಕರು ಆಕೆಯ ಹೆಸರನ್ನೇ ಕೂಗಿ ಎಚ್ಚರಿಸುತ್ತಿದ್ದರು. ಬೈಯುತ್ತಲೇ ತಿದ್ದಿಕೊಂಡ ಸಮಾಜವಿದು!

ಗ್ರಂಥ ತಂದ ಹಣವೂ ಸಾಲಕ್ಕೆ ಸಾಲಲಿಲ್ಲ. 1834ರಲ್ಲಿ ಕುಟುಂಬ ಬೆಲ್ಜಿಯಮ್ಮಿನ ಬ್ರೂಜ್ ನಗರಕ್ಕೆ ಓಡಿಹೋಯಿತು. ಕ್ಷಯಪೀಡಿತ ಮಗ ಹೆನ್ರಿಯನ್ನು ಇರುಳಿಡೀ ಉಪಚರಿಸುತ್ತ ಆಕೆ ಕಾದಂಬರಿ ಬರೆದಳು. ಮಗ, ಗಂಡ, ಮಗಳು ಎಮಿಲಿ ಒಬ್ಬೊಬ್ಬರಾಗಿ ತೀರಿಕೊಂಡರು, ಬರವಣಿಗೆ ನಿಲ್ಲಲಿಲ್ಲ. 1836ರಲ್ಲಿ ಗುಲಾಮಗಿರಿಯನ್ನು ಖಂಡಿಸುವ ಕಾದಂಬರಿಯನ್ನು ಹೊರತಂದಳು. ಹ್ಯಾರಿಯೆಟ್ ಬೀಚರ್ ಸ್ಟೋವ್‌ಳ ಪ್ರಸಿದ್ಧ ಕೃತಿ ಬಂದದ್ದು 1852ರಲ್ಲಿ. ನಲವತ್ತರಷ್ಟು ಗ್ರಂಥಗಳನ್ನು ರಚಿಸಿ 1863ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ನಿಧನಳಾದಳು.

ಅಮೆರಿಕನ್ನರ ಮನಸ್ಸಿಗಾದ ನೋವನ್ನು ಶಮನಗೊಳಿಸುವ ಆಶಯದಿಂದ ಆಂಟನಿ 1862ರಲ್ಲಿ ಆ ದೇಶವನ್ನು ಕುರಿತು ತಾನೂ ಬರೆದನು. ಯುರೋಪನ್ನು ಗೇಲಿಮಾಡಿ ಪ್ರಖ್ಯಾತನಾದ ಮಾರ್ಕ್ ಟ್ವೇನ್ ಮಾತ್ರ, ಆಕೆ ಕಂಡದ್ದನ್ನು ಕಂಡಂತೆ ಬರೆದಳೆಂದು ಒಪ್ಪಿಕೊಂಡನು. ಮಿಸಿಸಿಪಿ ನದಿಯನ್ನು ಕುರಿತ 1883ರ ಗ್ರಂಥಕ್ಕಾಗಿ ಬರೆದ ಆ ಭಾಗವನ್ನು ಅಚ್ಚಾಗುವ ಮೊದಲೇ ಕೈಬಿಡಲಾಯಿತು.