ಶಾಲೆಯ ಮೆಟ್ಟಿಲು ಹತ್ತದ ಪಿಯರ್ ಕ್ಯೂರಿ

ಪ್ಯಾರಿಸ್‌ನ ಡಾಕ್ಟರ್ ಯೂಜಿನ್ ಕ್ಯೂರಿ ಅವರ ಕಿರಿಯ ಮಗ ಪಿಯರ್ ಹುಟ್ಟಿದ್ದು 1859ರಲ್ಲಿ. ಹುಡುಗ ಒಂದು ವಿಷಯ ಹಿಡಿದರೆ ಅದರಲ್ಲೇ ಮುಳುಗುತ್ತಿದ್ದ. ಗಂಟೆ ಬಾರಿಸಿತೆಂದು ಇನ್ನೊಂದು ಪಾಠಕ್ಕೆ ಹಾರುವುದು ಅವನಿಂದ ಆಗದು. ತನ್ನ ಬುದ್ಧಿ ನಿಧಾನದ್ದು ಎಂದು ದೊಡ್ಡವನಾದ ಮೇಲೂ ಆತ ನಂಬಿದ್ದ. ತಂದೆ ಅವನನ್ನು ಶಾಲೆಗೆ ಕಳಿಸಲೇ ಇಲ್ಲ. ಅಪ್ಪ, ಅಮ್ಮ, ಅಣ್ಣ ಜಾಕ್ ಮನೆಯಲ್ಲೇ ಕಲಿಸಿದರು. ಹದಿನಾಲ್ಕನೇ ವಯಸ್ಸಿಗೆ ಒಳ್ಳೆಯ ಗಣಿತದ ಮೇಷ್ಟ್ರು ಸಿಕ್ಕರು. ಆಮೇಲೆ ಹುಡುಗ ನಿಲ್ಲಲಿಲ್ಲ. ಹದಿನೆಂಟಕ್ಕೆ ವಿಜ್ಞಾನದ ಪದವಿ ಮುಗಿಸಿದ. ಎಲ್ಲರ ಮನೆಯಲ್ಲೂ ಇದು ಸಾಧ್ಯವಿಲ್ಲ ಬಿಡಿ. ಅವನ ಅಪ್ಪ ಡಾಕ್ಟರು.

1880ರಲ್ಲಿ ಅಣ್ಣತಮ್ಮಂದಿರು ಸೇರಿ ಒಂದು ಸಂಗತಿ ಕಂಡುಹಿಡಿದರು. ಸ್ಫಟಿಕದಂಥ ಕೆಲವು ಹರಳುಗಳನ್ನು ಒತ್ತಿದರೆ ಅವುಗಳ ಮೈಮೇಲೆ ವಿದ್ಯುತ್ ಹುಟ್ಟುತ್ತದೆ. ನಿಮ್ಮ ಅಡುಗೆಮನೆಯ ಗ್ಯಾಸ್ ಲೈಟರ್ ಟಕ್ ಎಂದು ಕಿಡಿ ಹಾರಿಸುವುದು ಇದೇ ಗುಣದಿಂದ.

ಪಿಯರ್ ಅವರಿಗೆ ದೊಡ್ಡ ಹುದ್ದೆ ಮಾತ್ರ ಬೇಗ ಸಿಗಲಿಲ್ಲ. ಫ್ರಾನ್ಸಿನ ಹೆಸರುವಾಸಿ ವಿದ್ಯಾಲಯಗಳಲ್ಲಿ ಓದಿದವರಿಗೇ ಅಲ್ಲಿ ಮಣೆ. ಇವರು ನಗರಸಭೆಯ ಕೈಗಾರಿಕಾ ಶಾಲೆಯೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ದುಡಿದರು. ಕಬ್ಬಿಣ, ನಿಕ್ಕಲ್‌ಗಳನ್ನು ಕಾಯಿಸುತ್ತಾ, ಯಾವ ಉಷ್ಣತೆಯಲ್ಲಿ ಅವುಗಳ ಕಾಂತಶಕ್ತಿ ಹೋಗುತ್ತದೆಂದು ಅಳೆದದ್ದು ಅಲ್ಲೇ. ಕಬ್ಬಿಣಕ್ಕೆ ಅದು ಸುಮಾರು 770 ಡಿಗ್ರಿ. ಆ ಅಧ್ಯಯನಕ್ಕೆ 1895ರಲ್ಲಿ ಡಾಕ್ಟರೇಟ್ ಬಂತು. ಅದೇ ವರ್ಷ ಮೇರಿಯವರೊಡನೆ ಮದುವೆಯೂ ಆಯಿತು. ಅಂಥ ಉಷ್ಣತೆಯನ್ನು ಈಗ ಕ್ಯೂರಿ ಉಷ್ಣತೆ ಎನ್ನುತ್ತಾರೆ.

ರೇಡಿಯಂ, 1903ರ ನೊಬೆಲ್ ಕಥೆ ಮಕ್ಕಳ ಪುಸ್ತಕದಲ್ಲೇ ಇದೆ. ಕ್ಯೂರಿ ಉಷ್ಣತೆಯ ಮುಂದಿನ ಕಥೆ ಅಷ್ಟಾಗಿ ಇಲ್ಲ.

1940ರ ದಶಕದಲ್ಲಿ ಬೇರಿಯಂ ಟೈಟನೇಟ್ ಎಂಬ ಪಿಂಗಾಣಿಯಂಥ ವಸ್ತುವಿನಲ್ಲೂ ಇಂಥದೇ ಗುಣ ಕಂಡಿತು, ಕಾಂತಶಕ್ತಿಯ ಜಾಗದಲ್ಲಿ ವಿದ್ಯುತ್ ಅಷ್ಟೇ. ಇದಕ್ಕೆ ಫೆರೋಎಲೆಕ್ಟ್ರಿಕ್ ಎಂದು ಹೆಸರು. ಪುಟ್ಟ ಪೆಟ್ಟಿಗೆಯೊಂದನ್ನು ಊಹಿಸಿಕೊಳ್ಳಿ. ಮೂಲೆಗಳಲ್ಲಿ ಬೇರಿಯಂ, ಆರು ಮುಖಗಳ ನಡುವೆ ಆಮ್ಲಜನಕ, ಒಳಗೆ ಟೈಟೇನಿಯಂ. ಈ ಟೈಟೇನಿಯಂ ಸರಿಯಾಗಿ ನಡುವೆ ಕೂರದೆ ತುಸು ಪಕ್ಕಕ್ಕೆ ಸರಿದಿರುತ್ತದೆ. ಹಾಗಾಗಿ ಪೆಟ್ಟಿಗೆಯ ಒಂದು ಕಡೆ ಧನ, ಇನ್ನೊಂದು ಕಡೆ ಋಣ. ಸುಮಾರು 120 ಡಿಗ್ರಿಗೆ ಕಾಯಿಸಿದರೆ ಈ ವಾಲುವಿಕೆ ಅಳಿಸಿಹೋಗುತ್ತದೆ. ಅದೇ ಇದರ ಕ್ಯೂರಿ ಉಷ್ಣತೆ.

ಬೇರೆ ಪರಮಾಣುಗಳನ್ನು ಬೆರೆಸಿ ಇದನ್ನು ಮೇಲೆ ಕೆಳಗೆ ಮಾಡಬಹುದು. ಬೇರಿಯಂನ ಜಾಗಕ್ಕೆ ಅದಕ್ಕಿಂತ ಚಿಕ್ಕದಾದ ಸ್ಟ್ರಾನ್ಷಿಯಂ ಬಂದರೆ ಪೆಟ್ಟಿಗೆ ಕುಗ್ಗುತ್ತದೆ, ಟೈಟೇನಿಯಂಗೆ ಸರಿಯಲು ಜಾಗ ಕಡಿಮೆ, ಉಷ್ಣತೆಯೂ ಇಳಿಯುತ್ತದೆ. ಸೀಸ ಬಂದರೆ ಏರುತ್ತದೆ. ಲ್ಯಾಂಥನಮ್ ಅನ್ನು ಚಿಟಿಕೆಯಷ್ಟು ಸೇರಿಸಿದರಂತೂ ವಿದ್ಯುತ್ ಹರಿಯಬಿಡದ ಪಿಂಗಾಣಿಯೇ ಹರಿಯಬಿಡುತ್ತದೆ. ಆದರೆ ಕ್ಯೂರಿ ಉಷ್ಣತೆ ದಾಟಿದೊಡನೆ ಅದರ ರೋಧ ಸಾವಿರಾರು ಪಟ್ಟು ಏರಿ ತಡೆಯುತ್ತದೆ. ಹೀಗೆ ಬೇಕೆಂದೇ ಬೆರಕೆ ಮಾಡುವುದಕ್ಕೆ ಡೋಪಿಂಗ್ ಎನ್ನುತ್ತಾರೆ. ಪ್ಲಗ್ಗಿಗೆ ಸಿಕ್ಕಿಸುವ ಸೊಳ್ಳೆ ಮಷೀನುಗಳಲ್ಲಿ ಹಲವು ರಾತ್ರಿಯೆಲ್ಲಾ ಉರಿದರೂ ಅತಿಯಾಗಿ ಕಾಯದಿರುವುದು ಒಳಗಿನ ಇಂಥ ಬಿಲ್ಲೆಯಿಂದಲೇ. ಮಗು ಕೇಳಿದರೆ ಹೇಳಿ, ಬಿಚ್ಚಿ ಮಾತ್ರ ತೋರಿಸಬೇಡಿ.

ಪಿಯರ್ ಇದನ್ನೆಲ್ಲಾ ನೋಡಲಿಲ್ಲ. 1906ರ ಏಪ್ರಿಲ್ 19ರಂದು ಪ್ಯಾರಿಸ್‌ನ ಬೀದಿಯೊಂದರಲ್ಲಿ ಕುದುರೆ ಗಾಡಿಯ ಚಕ್ರಕ್ಕೆ ಸಿಕ್ಕಿ ತೀರಿಹೋದರು. ಆಗ ಅವರಿಗೆ 46 ವರ್ಷ. ಮೇರಿ ಕೆಲಸಕ್ಕೆ ಹೋದಾಗ ಮನೆಯಲ್ಲಿ ಮಕ್ಕಳ ಜೊತೆ ಇದ್ದವರು ಮುದುಕ ಯೂಜಿನ್. ಮಗನಿಗೆ ಕಲಿಸಿದ ಹಾಗೆಯೇ ಅವರು ಮೊಮ್ಮಗಳು ಐರೀನ್‌ಗೂ ಗಿಡಮರಗಳ ವಿಷಯ ಹೇಳಿಕೊಟ್ಟರು, 1910ರಲ್ಲಿ ಸಾಯುವವರೆಗೂ. ಐರೀನ್ 1935ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಪಡೆದರು.